ಅಂಜುವ ಮುಧೋಳ ಮರಿಗೆ ಮೈದಾನದ ಪಾಠ ಯಾಕೆ ಹತ್ತುತ್ತಿಲ್ಲ?

ಪ್ರಶ್ನೆ: ನಮಸ್ಕಾರ ಸರ್. ನಾವು ಬೆಳಗಾವಿಯ ಟಿಳಕವಾಡಿಯವರು. ಐದು ತಿಂಗಳ ಹಿಂದೆ ಲೋಕಾಪುರ ಕಡೆಯ ಒಂದು ತೋಟದ ಮನೆಯಿಂದ ಮುಧೋಳ ತಳಿಯ ಹೆಣ್ಣು ಮರಿ ತಂದೆವು. ಹೆಸರು ಜಿಂಕಿ. ತಂದಾಗ ಐದು ತಿಂಗಳು, ಈಗ ಹತ್ತು. ಮನೆಯೊಳಗೆ ನನ್ನ ಜೊತೆ, ಮಗಳ ಜೊತೆ ಆರಾಮಾಗಿ ಇರುತ್ತಾಳೆ. ಕೂರು, ಬಾ, ನಿಲ್ಲು ಎಲ್ಲಾ ಕಲಿತಿದ್ದಾಳೆ. ಆದರೆ ಭಾನುವಾರ ತರಬೇತಿ ಮೈದಾನಕ್ಕೆ ಹೋದರೆ ಬಾಲ ಹೊಟ್ಟೆಗೆ ಸೇರಿಸಿಕೊಂಡು ನೆಲಕ್ಕೆ ಅಂಟಿ ಮಲಗಿಬಿಡುತ್ತಾಳೆ. ಮನೆಯಲ್ಲಿ ಜಿಗಿದು ತಿನ್ನುವ ಚಿಕನ್ ಅಲ್ಲಿ ಮೂಸಿಯೂ ನೋಡುವುದಿಲ್ಲ. ಟ್ರೇನರ್ "ಹಠ ಮಾಡ್ತಾಳ್ರಿ, ಜಗ್ಗಿ ಎಬ್ಬಿಸ್ರಿ" ಅಂತಾರೆ. ಮಾವನವರು ಬಂದರೆ ಮಂಚದ ಕೆಳಗೆ ಸೇರುತ್ತಾಳೆ. ಕಳೆದ ವಾರ ಅವರು ಕೈ ಹಾಕಿ ಎಳೆಯಲು ಹೋದಾಗ ಗುರ್ ಅಂದಳು. ಅವರು ಹಳ್ಳಿಯಲ್ಲಿ ಇಂಥ ನಾಯಿ ಸಾಕಿದವರು, "ಎರಡು ಬಿಟ್ಟರ ಸರಿ ಹೋಗ್ತದ" ಅಂತಾರೆ. ಇನ್ನೆರಡು ತಿಂಗಳಿಗೆ ಗಣಪತಿ ಹಬ್ಬ ಬೇರೆ. ಕ್ಲಾಸ್ ಬಿಡಿಸಲಾ? ಇನ್ನೊಂದು ನಾಯಿ ತಂದರೆ ಇವಳಿಗೆ ಧೈರ್ಯ ಬರುತ್ತದಾ?

ಉತ್ತರ: ಜಿಂಕಿ ಹಠ ಮಾಡುತ್ತಿಲ್ಲ. ಅದಕ್ಕೆ ಸಾಕ್ಷಿ ನಿಮ್ಮ ಪತ್ರದಲ್ಲೇ ಇದೆ. ಚಿಕನ್ ಮುಟ್ಟಲಿಲ್ಲ ಅಂತ ಬರೆದಿದ್ದೀರಿ ಅಲ್ವಾ, ಅದೇ ಸಾಕ್ಷಿ. ಹಠ ಮಾಡುವ ನಾಯಿ ಮಾತು ಕೇಳದೇ ಇರಬಹುದು, ಆದರೆ ಚಿಕನ್ ಮಾತ್ರ ಬಿಡುವುದಿಲ್ಲ. ಹೆದರಿಕೆ ಒಂದು ಮಟ್ಟ ದಾಟಿದಾಗ ನಾಯಿಯ ದೇಹ ಓಡುವುದಕ್ಕೋ ಅಡಗುವುದಕ್ಕೋ ತಯಾರಾಗುತ್ತದೆ. ಆಗ ಹಸಿವು ಸತ್ತುಹೋಗುತ್ತದೆ. ಹಸಿವು ಸತ್ತಾಗ ಕಲಿಯುವ ಶಕ್ತಿಯೂ ಹೆಚ್ಚುಕಡಿಮೆ ಸತ್ತಂತೆಯೇ. ಮನೆಯಲ್ಲಿ ಗೊತ್ತಿದ್ದ "ಕೂರು" ಅಲ್ಲಿ ನೆನಪಿಗೆ ಬರುವುದಿಲ್ಲ. ಹಾಗಾಗಿ ಆ ಮೈದಾನದಲ್ಲಿ ಭಾನುವಾರ ಒಂದು ಗಂಟೆ ಅವಳು ಕಲಿಯುತ್ತಿರುವುದು ಒಂದೇ ಪಾಠ: ಈ ಜಾಗ ಭಯಂಕರ, ಇಲ್ಲಿ ಅಮ್ಮ ಕೂಡ ನನ್ನನ್ನು ಜಗ್ಗುತ್ತಾಳೆ.

ಅದಕ್ಕೇ ಹೇಳುತ್ತೇನೆ, ಈಗಿನ ರೀತಿಯಲ್ಲಿ ಕ್ಲಾಸ್ ಬೇಡ. ಪೂರ್ತಿ ಬಿಡಿಸಬೇಕು ಅಂತಲೂ ಇಲ್ಲ, ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಅದಕ್ಕೂ ಮೊದಲು ಅವಳು ಯಾಕೆ ಹೀಗೆ ಅನ್ನುವುದು ನಿಮಗೆ ಗೊತ್ತಾಗಬೇಕು. ಅದು ಗೊತ್ತಾದರೆ ಏನು ಮಾಡಬೇಕು ಅನ್ನುವುದು ಅರ್ಧ ತಾನಾಗಿಯೇ ಹೊಳೆಯುತ್ತದೆ.

ನಾಯಿಮರಿಗೆ ಹೆಚ್ಚುಕಡಿಮೆ ಮೂರನೇ ವಾರದಿಂದ ಹನ್ನೆರಡು, ಹದಿನಾಲ್ಕನೇ ವಾರದವರೆಗೆ ಒಂದು ಕಾಲ ಇರುತ್ತದೆ. ಆ ದಿನಗಳಲ್ಲಿ ಕಂಡದ್ದನ್ನೆಲ್ಲ ಅದು "ಇದು ನಮ್ಮ ಲೋಕದ್ದು" ಅಂತ ಒಪ್ಪಿಕೊಳ್ಳುತ್ತದೆ. ಜಿಂಕಿ ಆ ಕಾಲವನ್ನು ತೋಟದ ಮನೆಯಲ್ಲಿ ಕಳೆದಳು. ಅವಳಿಗೆ ಗೊತ್ತಿದ್ದದ್ದು ಕಬ್ಬಿನ ಹೊಲ, ದನ, ತಾಯಿ, ಒಡಹುಟ್ಟಿದ ಮರಿಗಳು, ಮನೆಯ ನಾಲ್ಕು ಜನ. ಆಟೋ, ಲಿಫ್ಟು, ಹೆಲ್ಮೆಟ್ ಹಾಕಿದ ಮನುಷ್ಯ, ಟಿಳಕವಾಡಿಯ ರೈಲ್ವೆ ಗೇಟಿನ ಹಾರ್ನ್ ಯಾವುದೂ ಆ ಲೋಕದಲ್ಲಿ ಇರಲಿಲ್ಲ. ನಿಮ್ಮ ಮನೆಗೆ ಬರುವ ಹೊತ್ತಿಗೆ ಆ ಬಾಗಿಲು ಮುಚ್ಚಿ ಹೆಚ್ಚುಕಡಿಮೆ ಎರಡು ತಿಂಗಳಾಗಿತ್ತು. ಇದು ನಿಮ್ಮ ತಪ್ಪಲ್ಲ. ಮಾರಿದವರ ತಪ್ಪು ಅಂತಲೂ ನಾನು ಹೇಳುವುದಿಲ್ಲ. ತೋಟಕ್ಕೆ ಬೇಕಾದ ನಾಯಿಯನ್ನು ತೋಟದಲ್ಲಿ ಬೆಳೆಸಿದ್ದರು, ಅಷ್ಟೇ. ಜೊತೆಗೆ ಆರು ತಿಂಗಳಿಂದ ಒಂದು, ಒಂದೂಕಾಲು ವರ್ಷದ ನಡುವೆ ಅನೇಕ ನಾಯಿಗಳು ಮತ್ತೊಮ್ಮೆ ಸೂಕ್ಷ್ಮ ಆಗುತ್ತವೆ. ನಿನ್ನೆ ಸುಮ್ನೆ ದಾಟಿದ ಚರಂಡಿ ಜಾಲರಿ ಇವತ್ತು ಭೂತವಾಗಿ ಕಾಣುತ್ತದೆ. ಜಿಂಕಿ ಈಗ ಆ ವಯಸ್ಸಿನಲ್ಲೇ ಇದ್ದಾಳೆ.

ಇನ್ನು ತಳಿಯ ಮಾತು. ನಮ್ಮ ಕಡೆ ಕೆಲವರು ಕರ್ವಾನಿ ಅಂತಲೂ ಕರೆಯುವ ಈ ನಾಯಿ ಕಣ್ಣಿನಿಂದ ಬೇಟೆಯಾಡುವ ತಳಿ. ಬಯಲಿನಲ್ಲಿ ದೂರದ ಮೊಲದ ಅಲುಗಾಟ ಕಂಡು ಹಿಡಿಯುವುದೇ ಇವುಗಳ ಹುಟ್ಟುಗುಣ. ನಾಯಿಯ ಕಣ್ಣಿಗೆ ಸುಮಾರು 240 ಡಿಗ್ರಿ ಅಗಲದ ನೋಟ ಸಿಗುತ್ತದೆ, ನಮಗೆ ಸಿಗುವುದು 180ರ ಆಸುಪಾಸು. ಅಂದರೆ ಮೈದಾನದಲ್ಲಿ ನಿಮ್ಮ ಹಿಂದಿನ ಮೂಲೆಯಲ್ಲಿ ಯಾರೋ ಛತ್ರಿ ಬಿಚ್ಚಿದ್ದು ನಿಮಗೆ ಕಾಣದಿದ್ದರೂ ಅವಳಿಗೆ ಕಂಡಿರುತ್ತದೆ. ಮೈಮೇಲೆ ಕೊಬ್ಬು ಕಡಿಮೆ, ಚರ್ಮ ತೆಳು, ಮುಟ್ಟಿದರೆ ಬೇಗ ಬೆಚ್ಚುತ್ತವೆ. ಅಪರಿಚಿತರನ್ನು ಕಂಡರೆ ದೂರ ನಿಲ್ಲುವುದು ಸ್ವಭಾವ. ಹಾಗಂತ ಇವು ಕಲಿಯದ ನಾಯಿಗಳಲ್ಲ. ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದ ಮರಿಗಳು 2016ರಲ್ಲಿ ಮೀರತ್‌ನ ಸೇನಾ ತರಬೇತಿ ಕೇಂದ್ರಕ್ಕೆ ಹೋಗಿವೆ. ಆದರೆ ಜರ್ಮನ್ ಶೆಫರ್ಡ್‌ಗೆ ಕಲಿಸುವ ಗದ್ದಲದ, ಜಗ್ಗಾಟದ ಪದ್ಧತಿ ಇವುಗಳಿಗೆ ಒಗ್ಗುವುದಿಲ್ಲ. ದನಿ ಏರಿಸಿದರೆ ಸಾಕು, ಮುಧೋಳ ಮನಸ್ಸಿನ ಬಾಗಿಲು ಹಾಕಿಕೊಂಡುಬಿಡುತ್ತದೆ.

ಕೆಲಸ ಶುರುಮಾಡುವ ಮೊದಲು ಒಮ್ಮೆ ಪಶುವೈದ್ಯರಿಗೆ ತೋರಿಸಿ. ನೋವಿರುವ ನಾಯಿ ಧೈರ್ಯ ಕಲಿಯುವುದಿಲ್ಲ. ಕಿವಿ, ಕಣ್ಣು, ಸೊಂಟ, ಹಲ್ಲು ನೋಡಲಿ. ತೋಟದಿಂದ ಬಂದ ನಾಯಿ ಆದ್ದರಿಂದ ಉಣ್ಣೆ ಜ್ವರಕ್ಕೆ ರಕ್ತ ಪರೀಕ್ಷೆ ಮಾಡಿಸಿ. ಮೈಗೆ ಅಂಟಿ ರಕ್ತ ಹೀರುವ ಉಣ್ಣೆ ಹುಳದಿಂದ ಬರುವ ಈ ಸೋಂಕು ಕೆಲವು ನಾಯಿಗಳಲ್ಲಿ ಜೋರಾಗಿ ಕಾಣಿಸದೆ, ಬರೀ ಮಂಕುತನವಾಗಿ ತಿಂಗಳುಗಟ್ಟಲೆ ಉಳಿಯುತ್ತದೆ. ಹುಚ್ಚುನಾಯಿ ರೋಗದ ಲಸಿಕೆ ಆಗಿದೆಯಾ ಅಂತ ಆ ತೋಟದವರನ್ನು ಕೇಳಿ. ಚೀಟಿ ಸಿಗದಿದ್ದರೆ ಈಗಲೇ ಹಾಕಿಸಿ. ಮನೆಯಲ್ಲಿ ಮಗಳಿದ್ದಾಳೆ, ಇದರಲ್ಲಿ ತಡ ಬೇಡ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಅಂಜುವ ನಾಯಿಗೆ ಧೈರ್ಯ ಎಲ್ಲಿಂದ ಬರುತ್ತದೆ? ನನ್ನ ಅನುಭವದಲ್ಲಿ ಅದು ಒಂದೇ ಕಡೆಯಿಂದ ಬರುತ್ತದೆ. ಏನಾಗಬೇಕು ಅನ್ನುವುದರಲ್ಲಿ ತನ್ನ ಮಾತೂ ನಡೆಯುತ್ತದೆ ಅಂತ ನಾಯಿಗೆ ಗೊತ್ತಾಗಬೇಕು. ಹತ್ತಿರ ಹೋಗಬೇಕಾ, ಹಿಂದೆ ಸರಿಯಬೇಕಾ ಅನ್ನುವುದನ್ನು ಅವಳು ನಿರ್ಧರಿಸಬೇಕು. ಹಿಂದೆ ಸರಿಯಬಹುದು ಅಂತ ಖಾತ್ರಿಯಾದ ನಾಯಿ ಮಾತ್ರ ಮುಂದೆ ಹೆಜ್ಜೆ ಇಡುತ್ತದೆ. ಜಗ್ಗಿದಾಗ ಆ ಖಾತ್ರಿಯೇ ಹೋಗುತ್ತದೆ. ನಮ್ಮ ಹಳ್ಳಿಗಳಲ್ಲಿ ಹುಡುಗರನ್ನು ಬಾವಿಗೆ ತಳ್ಳಿ ಈಜು ಕಲಿಸುವುದಿತ್ತು. ಕೆಲವರು ಕಲಿತರು. ಕೆಲವರು ಅರವತ್ತು ವರ್ಷವಾದರೂ ಬಾವಿ ಕಟ್ಟೆಯ ಹತ್ತಿರ ಹೋಗುವುದಿಲ್ಲ. ಜಿಂಕಿ ಎರಡನೇ ಗುಂಪಿನವಳು. ನೆಲಕ್ಕೆ ಅಂಟಿ ಮಲಗಿದ ನಾಯಿ ಶಾಂತವಾಗಿದೆ ಅಂತ ಎಷ್ಟೋ ಜನ ತಪ್ಪು ತಿಳಿಯುತ್ತಾರೆ. ಅದು ಕೈಚೆಲ್ಲಿ ಕುಳಿತ ಸ್ಥಿತಿ.

ಆದ್ದರಿಂದ ನೀವು ಮೊದಲು ಕಲಿಯಬೇಕಾದದ್ದು ಅವಳ ಮೈಭಾಷೆ ಓದುವುದನ್ನು. ನೆಲಕ್ಕೆ ಅಂಟುವುದು ಕೊನೆಯ ಹಂತ. ಅದಕ್ಕೂ ಮೊದಲು ಅವಳು ಹತ್ತು ಸಲ ಹೇಳಿರುತ್ತಾಳೆ. ನಿದ್ದೆ ಇಲ್ಲದಿದ್ದರೂ ಆಕಳಿಸುತ್ತಾಳೆ. ಎದುರಿಗೆ ತಿಂಡಿ ಇಲ್ಲದಿದ್ದರೂ ನಾಲಿಗೆಯಿಂದ ಮೂಗು ಸವರುತ್ತಾಳೆ. ಮುಖ ತಿರುಗಿಸಿ ಓರೆಗಣ್ಣಲ್ಲಿ ನೋಡುತ್ತಾಳೆ, ಕಣ್ಣಿನ ಬಿಳಿಭಾಗ ಕಾಣುತ್ತದೆ. ಕಿವಿ ಹಿಂದಕ್ಕೆ ಮಡಚುತ್ತದೆ. ಒಂದು ಮುಂಗಾಲು ಎತ್ತುತ್ತಾಳೆ. ಮೈಯ ಭಾರ ಹಿಂಗಾಲಿಗೆ ಹೋಗುತ್ತದೆ. ತಿಂಡಿಯನ್ನು ತಿಂದರೂ ಕೈ ಕಚ್ಚುವ ಹಾಗೆ ಒರಟಾಗಿ ಕಿತ್ತುಕೊಳ್ಳುತ್ತಾಳೆ. ಇವುಗಳಲ್ಲಿ ಎರಡು ಒಟ್ಟಿಗೆ ಕಂಡರೆ ಅಲ್ಲೇ ನಿಲ್ಲಬೇಡಿ, ದೂರ ಹೋಗಿ. ತಿಂಡಿಯನ್ನು ಮೆತ್ತಗೆ ತೆಗೆದುಕೊಳ್ಳುವಷ್ಟು ದೂರವೇ ಅವತ್ತಿನ ನಿಮ್ಮ ತರಗತಿ. ಅದು ನೂರು ಹೆಜ್ಜೆ ಆದರೂ ನಾಚಿಕೆ ಬೇಡ.

ಹಾಗೇ ಇನ್ನೊಂದು ಮಾತು. ಹೆದರಿದಾಗ ಸಮಾಧಾನ ಮಾಡಿದರೆ ಹೆದರಿಕೆ ಹೆಚ್ಚಾಗುತ್ತದೆ ಅಂತ ಹೇಳುವವರಿದ್ದಾರೆ. ನಂಬಬೇಡಿ. ಹೆದರಿಕೆ ಒಂದು ಭಾವನೆ. ಬೆನ್ನು ಸವರಿದ್ದಕ್ಕೆ ಅದು ಬೆಳೆಯುವುದಿಲ್ಲ. ಅವಳಾಗಿ ಬಂದು ನಿಮ್ಮ ಕಾಲಿಗೆ ಒರಗಿದರೆ ನಿಧಾನವಾಗಿ ಎದೆಯ ಪಕ್ಕ ಸವರಿ, ಮೆಲ್ಲಗೆ ಮಾತಾಡಿ. ನೀವೇ ಗಾಬರಿಯಾಗಿ ತಬ್ಬಿ ಹಿಡಿದುಕೊಳ್ಳುವುದು ಮಾತ್ರ ಬೇಡ. ಅದು ಅವಳಿಗೆ ಕಟ್ಟಿಹಾಕಿದ ಹಾಗೆ ಅನ್ನಿಸುತ್ತದೆ.

ಮನೆಯಿಂದ ಶುರು ಮಾಡೋಣ. ಮಂಚದ ಕೆಳಗಿನ ಜಾಗ ಅವಳದು ಅಂತ ಮನೆಯವರೆಲ್ಲ ಒಪ್ಪಿಕೊಳ್ಳಿ. ಅಲ್ಲಿಗೆ ಯಾರೂ ಕೈ ಹಾಕಬಾರದು, ಮಗಳೂ ಹಾಕಬಾರದು. ಅವಳು ಗುರ್ ಅಂದದ್ದು ಒಳ್ಳೆಯದೇ ಆಯಿತು. "ಇನ್ನು ಸಾಕು" ಅಂತ ಹೇಳಲು ನಾಯಿಗೆ ಇರುವ ಮರ್ಯಾದೆಯ ದಾರಿ ಅದೊಂದೇ. ಅದಕ್ಕೆ ಹೊಡೆದರೆ ಗುರ್ ಅನ್ನುವುದು ನಿಲ್ಲುತ್ತದೆ, ಹೆದರಿಕೆ ನಿಲ್ಲುವುದಿಲ್ಲ. ಮುಂದಿನ ಸಲ ಏನೂ ಹೇಳದೆ ನೇರ ಕಚ್ಚುತ್ತದೆ. ಹೇಳದೇ ಕಚ್ಚುವ ನಾಯಿಗಳ ಹಿಂದೆ ನಾನು ಹೆಚ್ಚಾಗಿ ಕಂಡಿರುವುದು ಇದೇ ಕಥೆಯನ್ನು. ದಯವಿಟ್ಟು ಈ ಒಂದು ವಿಷಯದಲ್ಲಿ ಯಾರ ಮಾತನ್ನೂ ಕೇಳಬೇಡಿ.

ಮೊದಲ ಆಟ ಅಂಗೈ ಮುಟ್ಟುವುದು. ಅಂಗೈ ಬಿಚ್ಚಿ ಅವಳ ಮೂಗಿನಿಂದ ಒಂದು ಗೇಣು ದೂರ, ಪಕ್ಕಕ್ಕೆ ಹಿಡಿಯಿರಿ. ಮುಖದ ಎದುರಿಗೆ ಬೇಡ. ಕುತೂಹಲಕ್ಕೆ ಮೂಗು ತಾಗಿಸಿದ ಕ್ಷಣವೇ "ಶಾಣ್ಯಾ" ಅಂತಲೋ ಬೇರೆ ಯಾವುದಾದರೂ ಒಂದೇ ಪದವೋ ಹೇಳಿ ಇನ್ನೊಂದು ಕೈಯಿಂದ ತಿಂಡಿ ಕೊಡಿ. ಯಾವಾಗಲೂ ಅದೇ ಪದ ಇರಲಿ. ತಾಗಿಸದಿದ್ದರೆ ಕೈ ಹಿಂದಕ್ಕೆ ತೆಗೆಯಿರಿ, ಒತ್ತಾಯ ಬೇಡ. ನೋಡಲು ಇದು ಮಕ್ಕಳಾಟ. ಆದರೆ ಇದರಲ್ಲಿ ಮನುಷ್ಯನ ಕಡೆಗೆ ನಾಯಿ ತಾನಾಗಿ ಬರುತ್ತದೆ, ಬಂದದ್ದಕ್ಕೆ ಒಳ್ಳೆಯದಾಗುತ್ತದೆ. ನಾಲ್ಕು ದಿನದಲ್ಲಿ ಕೈ ಚಾಚಿದರೆ ಓಡಿಬಂದು ತಾಗಿಸುತ್ತಾಳೆ. ಮುಂದೆ ರಸ್ತೆಯಲ್ಲಿ ಆಟೋ ಬಂದಾಗ ಅವಳನ್ನು ಎಳೆಯದೆ ಪಕ್ಕಕ್ಕೆ ತರಲು ಇದೇ ಅಂಗೈ ಸಾಕು. "ಬಾ" ಅಂತ ಕರೆಯುವುದನ್ನೂ ಇದರ ಮೇಲೆಯೇ ಕಟ್ಟಿ. ಕರೆಯುವಾಗ ಅವಳ ಮೇಲೆ ಬಾಗಬೇಡಿ, ಪಕ್ಕಕ್ಕೆ ತಿರುಗಿ ಕುಕ್ಕರಗಾಲಲ್ಲಿ ಕೂರಿ.

ಎರಡನೆಯದು ಕೌದಿ. ಮನೆಯಲ್ಲಿ ಹಳೆಯ ಕೌದಿ ಇದ್ದೇ ಇರುತ್ತದೆ, ಅದನ್ನು ನಾಲ್ಕು ಮಡಿಕೆ ಮಾಡಿ. ಮುಧೋಳದ ಮೈಯಲ್ಲಿ ಎಲುಬೇ ಜಾಸ್ತಿ, ಬರೀ ನೆಲದ ಮೇಲೆ ಮಲಗಿದರೆ ಒತ್ತುತ್ತದೆ, ಕೌದಿ ಇವುಗಳಿಗೆ ಬಹಳ ಇಷ್ಟ. ಅವಳು ಒಂದು ಕಾಲಿಟ್ಟರೂ ತಿಂಡಿ ಕೌದಿಯ ಮೇಲೆ ಬೀಳಲಿ. ಮಲಗಿದರೆ ಒಂದೊಂದಾಗಿ ನಾಲ್ಕೈದು ಬೀಳಲಿ. ದಿನಕ್ಕೆ ಎರಡು ಮೂರು ಸಲ, ಪ್ರತಿ ಸಲ ಮೂರರಿಂದ ಐದು ನಿಮಿಷ. ಅವಳಿಗೆ ಇನ್ನೂ ಬೇಕು ಅನ್ನಿಸುವಾಗಲೇ ಎತ್ತಿಡಿ. ಎರಡು ವಾರದಲ್ಲಿ ಆ ಕೌದಿ ಅವಳ ಪಾಲಿಗೆ ನೆಮ್ಮದಿಯ ಜಾಗ ಆಗುತ್ತದೆ. ಆಮೇಲೆ ಅದನ್ನು ವರಾಂಡಕ್ಕೆ, ಗೇಟಿನ ಒಳಗೆ, ಕೊನೆಗೆ ಮೈದಾನದ ಅಂಚಿಗೆ ಒಯ್ಯಬಹುದು. ಹೊಸ ಜಾಗದಲ್ಲೂ ಕಾಲ ಕೆಳಗೆ ಮನೆಯ ವಾಸನೆ ಇರುತ್ತದೆ.

"ಕೂರು" ಬಗ್ಗೆ ಒಂದು ಮಾತು ಹೇಳಲೇಬೇಕು. ಜಿಂಕಿ ಕೂರುವುದನ್ನು ಕಲಿತಿದ್ದಾಳೆ, ಸಂತೋಷ. ಆದರೆ ಉದ್ದ ತೊಡೆ, ಆಳವಾದ ಎದೆಯ ಈ ತಳಿಗೆ ತುಂಬ ಹೊತ್ತು ಕೂತಿರುವುದು ಆರಾಮಲ್ಲ. ಕೂತ ನಾಯಿಗೆ ತಕ್ಷಣ ಓಡಲೂ ಆಗುವುದಿಲ್ಲ, ಅದು ಅಂಜುವ ನಾಯಿಗೆ ಇನ್ನೊಂದು ಚಿಂತೆ. ಹೊರಗೆ ಹೋದಾಗ ಕೂರಿಸುವುದನ್ನು ಬಿಡಿ. ನಿಂತಿರಲಿ ಅಥವಾ ಕೌದಿಯ ಮೇಲೆ ಮಲಗಲಿ. ತರಬೇತಿ ಅಂದರೆ ಕೂರಲೇಬೇಕು ಅಂತ ಯಾರಾದರೂ ಅಂದರೆ "ಇವಳಿಗೆ ನಿಲ್ಲುವುದೇ ಸಾಕ್ರಿ" ಅಂತ ಹೇಳಿ.

ಮಳೆಗಾಲದಲ್ಲಿ ಬೆಳಗಾವಿಯಲ್ಲಿ ವಾರಗಟ್ಟಲೆ ಹೊರಗೆ ಹೋಗಲಾಗುವುದಿಲ್ಲ. ಅದನ್ನು ಒಳ್ಳೆಯದಕ್ಕೇ ಬಳಸಿಕೊಳ್ಳಿ. ಪಡಸಾಲೆಯಲ್ಲಿ ಗೋಣಿಚೀಲ, ರಟ್ಟಿನ ಪೆಟ್ಟಿಗೆ, ಬೋರಲು ಹಾಕಿದ ಬುಟ್ಟಿ, ಪ್ಲಾಸ್ಟಿಕ್ ಹಾಳೆ, ಒಂದು ಅಲ್ಯೂಮಿನಿಯಂ ಪರಾತ ಇಡಿ. ಸುತ್ತಲೂ ತಿಂಡಿ ಚೂರು ಹರಡಿ ನೀವು ದೂರ ಕೂರಿ. ಏನೂ ಹೇಳಬೇಡಿ, "ಹೋಗು ಹೋಗು" ಅಂತ ಹುರಿದುಂಬಿಸಲೂ ಬೇಡಿ. ಅವಳು ಕತ್ತು ಚಾಚುತ್ತಾಳೆ, ಹಿಂದೆ ಹಾರುತ್ತಾಳೆ, ಮತ್ತೆ ಬರುತ್ತಾಳೆ. ಪರಾತ ಢಣ್ ಅಂದಾಗ ಬೆಚ್ಚಿ, ಆಮೇಲೆ ತಾನೇ ವಾಪಸ್ ಬಂದು ಅದರ ಪಕ್ಕದ ಚೂರು ತಿಂದಳು ಅನ್ನಿ. ನನ್ನ ದೃಷ್ಟಿಯಲ್ಲಿ ಆ ವಾರದ ದೊಡ್ಡ ಪಾಠ ಅದೇ. ಬೆಚ್ಚುವುದು ತಪ್ಪಲ್ಲ. ಬೆಚ್ಚಿದ ಮೇಲೆ ಎಷ್ಟು ಬೇಗ ಚೇತರಿಸಿಕೊಳ್ಳುತ್ತಾಳೆ ಅನ್ನುವುದನ್ನು ನೋಡಿ. ಅದಕ್ಕೆ ಹಿಡಿಯುವ ಹೊತ್ತು ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದ್ದರೆ ನೀವು ಸರಿ ದಾರಿಯಲ್ಲಿದ್ದೀರಿ. ಮೂಸಿ ಹುಡುಕುವ ಕೆಲಸ ನಾಯಿಯನ್ನು ಸಮಾಧಾನಗೊಳಿಸುತ್ತದೆ, ಕಣ್ಣಿನ ನಾಯಿಗೂ ಅಷ್ಟೇ.

ತಿಂಡಿ ಅಂದರೆ ಬಟಾಣಿ ಗಾತ್ರದ ಚೂರು ಸಾಕು. ಬೇಯಿಸಿದ ಚಿಕನ್, ಮೊಟ್ಟೆ. ಮನೆಯಲ್ಲಿ ಮಾಂಸ ತರದವರಾದರೆ ಪನೀರ್, ಬೇಯಿಸಿದ ಗೆಣಸು, ಉಪ್ಪಿಲ್ಲದ ಹುರಿದ ಶೇಂಗಾ. ಒಣದ್ರಾಕ್ಷಿ ಮಾತ್ರ ಬೇಡವೇ ಬೇಡ. ವಿಜಯಪುರದ ನೆಂಟರು ಚೀಲಗಟ್ಟಲೆ ತಂದುಕೊಟ್ಟಿರುತ್ತಾರೆ, ಮಕ್ಕಳು ಪ್ರೀತಿಯಿಂದ ನಾಯಿಗೂ ಹಾಕುತ್ತಾರೆ. ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಯ ಮೂತ್ರಪಿಂಡ ಕೆಡಿಸುತ್ತವೆ, ಕೆಲವು ನಾಯಿಗಳಿಗೆ ಸ್ವಲ್ಪವೇ ತಿಂದರೂ ಜೀವಕ್ಕೆ ಬರುತ್ತದೆ. ಒಣದ್ರಾಕ್ಷಿ ಹಾಕಿದ ಕರದಂಟೂ ಬೇಡ. ಉಳ್ಳಾಗಡ್ಡಿ, ಬಳ್ಳೊಳ್ಳಿ, ಚಾಕೊಲೇಟ್ ಕೂಡ ದೂರ ಇಡಿ.

ಮಾವನವರ ವಿಷಯ ಸೂಕ್ಷ್ಮ, ಅದಕ್ಕೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಅವರು ಹೇಳುವುದರಲ್ಲಿ ಅನುಭವ ಇದೆ. ಹಳ್ಳಿಯಲ್ಲಿ ಅವರು ಸಾಕಿದ ನಾಯಿಗಳು ಹುಟ್ಟಿದ್ದೂ ಬೆಳೆದದ್ದೂ ಅದೇ ಹೊಲದಲ್ಲಿ, ದೊಡ್ಡ ನಾಯಿಗಳ ಹಿಂದೆ ಓಡಾಡಿ ಕಲಿತವು. ಹೆದರಿದರೆ ಓಡಿಹೋಗಲು ಬೇಕಾದಷ್ಟು ಬಯಲಿತ್ತು. ಜಿಂಕಿಗೆ ಇರುವುದು ಮಂಚದ ಕೆಳಗಿನ ಜಾಗ ಮಾತ್ರ. ಇದನ್ನು ಅವರಿಗೆ ಹೀಗೇ ಹೇಳಿ ನೋಡಿ, ನಾಯಿ ಬಲ್ಲವರಿಗೆ ಅರ್ಥವಾಗುತ್ತದೆ. ಆಮೇಲೆ ಅವರಿಗೇ ಒಂದು ಕೆಲಸ ಕೊಡಿ.

ಅವರು ಬಂದು ಕುರ್ಚಿಯಲ್ಲಿ ಕೂರಲಿ, ಕೋಲನ್ನು ಬಾಗಿಲ ಹಿಂದೆ ಇಡಲಿ. ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ಬೇಡ, ಕರೆಯುವುದು ಬೇಡ, ಪೇಪರ್ ಓದುತ್ತಿರಲಿ. ಅವಳು ತಲೆ ಹೊರಗೆ ಹಾಕಿದಾಗ ಒಂದು ಚೂರು ಚಿಕನ್ ಎಸೆಯಲಿ. ಎಲ್ಲಿಗೆ ಎಸೆಯಬೇಕು ಅನ್ನುವುದೇ ಇಲ್ಲಿ ಮುಖ್ಯ. ತಮ್ಮ ಕಡೆಗೆ ಬೇಡ, ಅವಳ ಹಿಂದಕ್ಕೆ ಬೀಳಲಿ. ಎಲ್ಲರೂ ಕೈಯಲ್ಲಿ ತಿಂಡಿ ಹಿಡಿದು "ಬಾ ಬಾ" ಅನ್ನುತ್ತಾರೆ. ನಾಯಿ ಆಸೆಗೆ ಹತ್ತಿರ ಬರುತ್ತದೆ, ತಿಂಡಿ ಮುಗಿದ ಕ್ಷಣ ತಾನು ಎಲ್ಲಿದ್ದೇನೆ ಅಂತ ಗೊತ್ತಾಗಿ ಗಾಬರಿ ಬೀಳುತ್ತದೆ. ಆಗಲೇ ಕಚ್ಚುವುದು ಜಾಸ್ತಿ. ಹಿಂದಕ್ಕೆ ಎಸೆದರೆ ಅವಳು ದೂರ ಹೋಗಿ ನಿರಾಳವಾಗಿ ತಿಂದು, ಮತ್ತೆ ಒಂದು ಹೆಜ್ಜೆ ಮುಂದೆ ಬಂದು "ಇನ್ನೊಂದು?" ಅಂತ ನೋಡುತ್ತಾಳೆ. ಎರಡು ಮೂರು ವಾರ ದಿನವೂ ಹೀಗೆ ನಡೆದರೆ ಅವರ ಚಪ್ಪಲಿ ಸದ್ದಿಗೆ ಓಡುವ ಬದಲು ಬಾಗಿಲ ಕಡೆ ನೋಡಲು ಶುರು ಮಾಡುತ್ತಾಳೆ. ಅವಳಾಗಿ ಬಂದು ಕೈ ಮೂಸುವವರೆಗೆ ಅವರು ಮುಟ್ಟಬಾರದು. ಮುಟ್ಟುವಾಗಲೂ ತಲೆಯ ಮೇಲೆ ಬೇಡ, ಎದೆ ಅಥವಾ ಭುಜದ ಪಕ್ಕ. ಒಂದು ವಿಷಯ ನೆನಪಿರಲಿ, ರುಮಾಲು ಸುತ್ತಿದ ಮಾವನವರೂ ರುಮಾಲಿಲ್ಲದ ಮಾವನವರೂ ಮೊದಮೊದಲು ಅವಳಿಗೆ ಬೇರೆ ಬೇರೆ ಮನುಷ್ಯರೇ. ಒಂದು ದಿನ ಮತ್ತೆ ಓಡಿದರೆ ಬೇಸರ ಮಾಡಿಕೊಳ್ಳಬೇಡಿ ಅಂತ ಅವರಿಗೆ ಮುಂಚೆಯೇ ಹೇಳಿಡಿ.

ಹೊರಗೆ ಹೋಗುವಾಗ ಮೊದಲ ಚಿಂತೆ ಅವಳು ತಪ್ಪಿಸಿಕೊಳ್ಳದಂತೆ ನೋಡಿಕೊಳ್ಳುವುದು. ಮುಧೋಳದ ಕತ್ತು ತಲೆಗಿಂತ ದಪ್ಪ, ಮಾಮೂಲಿ ಪಟ್ಟಿಯಿಂದ ಹಿಂದಕ್ಕೆ ಸರಿದು ಸಲೀಸಾಗಿ ಕಳಚಿಕೊಳ್ಳುತ್ತದೆ. ಹಾಗಂತ ಬಿಗಿ ಮಾಡಿದರೆ ಕತ್ತಿಗೆ ನೋವು. ಮಾರ್ಟಿಂಗೇಲ್ ಅಂತ ಅಗಲವಾದ ಪಟ್ಟಿ ಸಿಗುತ್ತದೆ, ಜಗ್ಗಿದಾಗ ಒಂದು ಮಿತಿಯವರೆಗೆ ಮಾತ್ರ ಬಿಗಿಯಾಗುತ್ತದೆ. ಅದರ ಜೊತೆಗೆ ಎದೆಗೆ ಹಾಕುವ ಹಾರ್ನೆಸ್. ಕೈಯಲ್ಲಿ ಹಿಡಿಯುವ ಬೆಲ್ಟನ್ನು ಎರಡಕ್ಕೂ ಸೇರಿಸಿ. ಕತ್ತಿನ ಪಟ್ಟಿಯ ಮೇಲೆ ಫೋನ್ ನಂಬರ್ ಬರೆಸಿ. ಹೆದರಿ ಓಡಿದ ಮುಧೋಳ ಬೈಕಿನಲ್ಲಿ ಬೆನ್ನತ್ತಿದರೂ ಸಿಗುವುದಿಲ್ಲ. ಮುಳ್ಳಿನ ಪಟ್ಟಿ, ಜಗ್ಗಿದರೆ ಕುಣಿಕೆಯಾಗುವ ಚೈನ್ ಎರಡನ್ನೂ ಮನೆಗೇ ತರಬೇಡಿ.

ನಡೆಯುವಾಗ ಒಂದು ಸಣ್ಣ ಆಟ ಇದೆ, ನನಗೆ ಬಹಳ ಪ್ರಿಯವಾದದ್ದು. "ಒಂದು... ಎರಡು... ಮೂರು" ಅಂತ ಒಂದೇ ದನಿಯಲ್ಲಿ ಎಣಿಸಿ. ಮೂರು ಅಂದಾಗ ನಿಮ್ಮ ಎಡಗಾಲಿನ ಪಕ್ಕ ತಿಂಡಿ. ಏನೇ ಆದರೂ ಮೂರಕ್ಕೆ ತಿಂಡಿ, ಅವಳು ಏನೂ ಮಾಡಬೇಕಾಗಿಲ್ಲ. ಮೊದಲು ಪಡಸಾಲೆಯಲ್ಲಿ, ಆಮೇಲೆ ಅಂಗಳದಲ್ಲಿ, ಆಮೇಲೆ ಬೆಳಗಿನ ಜಾವ ಖಾಲಿ ಗಲ್ಲಿಯಲ್ಲಿ. ಅಂಜುವ ನಾಯಿಗೆ ಮುಂದೇನು ಅಂತ ಗೊತ್ತಿರುವುದಕ್ಕಿಂತ ದೊಡ್ಡ ನೆಮ್ಮದಿ ಇಲ್ಲ. ಎದುರಿಗೆ ಹೆಲ್ಮೆಟ್ ಮನುಷ್ಯ ಬಂದಾಗಲೂ ಎಣಿಕೆ ಅದೇ, ತಿಂಡಿ ಅದೇ. ಕೆಲವೇ ದಿನದಲ್ಲಿ ಅವಳು "ಎರಡು" ಅನ್ನುವಾಗಲೇ ನಿಮ್ಮ ಮುಖ ನೋಡುತ್ತಾಳೆ. ಕಾಲ ಪಕ್ಕ ನಡೆಯುವ ಪಾಠವೂ ಜಗ್ಗದೆಯೇ ಬಂದುಬಿಡುತ್ತದೆ. ನಿಮ್ಮ ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಬಯಲಿನ ಕಡೆ ಮರಗಳ ನಡುವೆ ಜನ ಕಡಿಮೆ ಇರುವ ಹೊತ್ತು ನೋಡಿ ಹೋಗಿ. ಭಾನುವಾರ ಸಂಜೆ ಬೇಡ. ರೈಲ್ವೆ ಗೇಟಿನ ಹಾದಿ ಸದ್ಯಕ್ಕೆ ಪೂರ್ತಿ ಬಿಡಿ.

ಈಗ ಕ್ಲಾಸಿನ ವಿಷಯ. ಟ್ರೇನರ್ ಹತ್ತಿರ ಮೂರು ಮಾತು ಆಡಿ. ಇವಳನ್ನು ಯಾರೂ ಜಗ್ಗಬಾರದು, ಯಾರೂ ಮುಟ್ಟಬಾರದು, ನಾವು ಗೇಟಿನ ಹೊರಗೆ ಕೌದಿ ಹಾಸಿಕೊಂಡು ಹತ್ತು ನಿಮಿಷ ಇದ್ದು ಹೋಗುತ್ತೇವೆ. ಒಪ್ಪಿದರೆ ಆ ಮೈದಾನ ನಿಮಗೆ ಉಪಯೋಗ. ಉಳಿದ ನಾಯಿಗಳು ಬರುವ ಮೊದಲು ಹೋಗಿ, ಖಾಲಿ ಮೈದಾನ ಮೂಸಿಕೊಂಡು ಬರಲಿ. ಮುಂದಿನ ವಾರ ದೂರದಲ್ಲಿ ಒಂದೇ ಒಂದು ಶಾಂತ ನಾಯಿ ಇರಲಿ. ಅವಳು ಆ ನಾಯಿಯನ್ನು ನೋಡಿದ ಕೂಡಲೇ ತಿಂಡಿ, ಅದು ಮರೆಯಾದರೆ ತಿಂಡಿ ಬಂದ್. ನಾಯಿ ಕಂಡರೆ ಚಿಕನ್ ಬರುತ್ತದೆ ಅನ್ನುವ ಲೆಕ್ಕ ಅವಳ ತಲೆಯಲ್ಲಿ ಕೂರಬೇಕು. ಒಂದು ವಾರ ಚೆನ್ನಾಗಿ ಹೋಯಿತು ಅಂತ ಮುಂದಿನ ವಾರ ನೇರ ನಡುಮೈದಾನಕ್ಕೆ ನುಗ್ಗಬೇಡಿ. ಐದಾರು ಹೆಜ್ಜೆ ಹತ್ತಿರ ಹೋದರೆ ಸಾಕು. ಏನಾದರೂ ದೊಡ್ಡ ಹೆದರಿಕೆ ಆಯಿತು ಅನ್ನಿ, ಒಂದೆರಡು ದಿನ ಹೊರಗಿನ ಪಾಠ ನಿಲ್ಲಿಸಿ, ಮನೆಯಲ್ಲೇ ಆರಾಮಾಗಿ ಇರಲಿ. ಟ್ರೇನರ್ ಈ ಮೂರು ಮಾತಿಗೆ ಒಪ್ಪದಿದ್ದರೆ, ಕಟ್ಟಿದ ದುಡ್ಡು ಹೋದರೂ ಪರವಾಗಿಲ್ಲ, ಬಿಟ್ಟುಬಿಡಿ. ದುಡ್ಡು ಮತ್ತೆ ದುಡಿಯಬಹುದು, ಮೈದಾನ ಅಂದರೆ ನಡುಗುವ ನಾಯಿಯನ್ನು ಸರಿ ಮಾಡಲು ವರ್ಷ ಹಿಡಿಯುತ್ತದೆ.

ಗಣಪತಿ ಹಬ್ಬಕ್ಕೆ ಈಗಲೇ ತಯಾರಿ ಬೇಕು. ಬೆಳಗಾವಿಯ ವಿಸರ್ಜನೆ ಮೆರವಣಿಗೆ ರಾತ್ರಿಯಿಡೀ ನಡೆದು ಮರುದಿನಕ್ಕೂ ಹೋಗುತ್ತದೆ. ಡೋಲು, ಡಿಜೆ, ಪಟಾಕಿ ಎಲ್ಲಾ ಒಟ್ಟಿಗೆ. ನಮಗೆ 20,000 ಹರ್ಟ್ಜ್ ದಾಟಿದ ಸದ್ದು ಕೇಳುವುದಿಲ್ಲ, ನಾಯಿಗೆ 45,000ದ ಆಸುಪಾಸಿನವರೆಗೂ ಕೇಳುತ್ತದೆ. ಫೋನಿನಲ್ಲಿ ಪಟಾಕಿ ಸದ್ದು ತೀರಾ ಸಣ್ಣಗೆ ಹಾಕಿ ಊಟ ಕೊಡುವ ಅಭ್ಯಾಸ ಈಗ ಶುರು ಮಾಡಬಹುದು. ಕಿವಿ ಅಲುಗಿಸಿ ತಿನ್ನುವುದನ್ನು ಮುಂದುವರಿಸುವಷ್ಟೇ ಸದ್ದು ಇರಲಿ. ಹಬ್ಬದ ಹಿಂದಿನ ವಾರ ಶುರು ಮಾಡಿದರೆ ಲಾಭಕ್ಕಿಂತ ನಷ್ಟವೇ ಹೆಚ್ಚು. ನಿಮ್ಮ ಮನೆ ಮೆರವಣಿಗೆ ದಾರಿಯಲ್ಲಿ ಇದ್ದರೆ ಆ ದಿನಗಳಲ್ಲಿ ಅವಳನ್ನು ಕರೆದುಕೊಂಡು ನೀವೂ ಊರ ಹೊರಗಿನ ನೆಂಟರ ಮನೆಗೆ ಹೋಗುವುದು ಎಲ್ಲಕ್ಕಿಂತ ಒಳ್ಳೆಯದು. ಆಗದಿದ್ದರೆ ಒಳಗಿನ ಕೋಣೆ, ಮುಚ್ಚಿದ ಕಿಟಕಿ, ಕೌದಿ, ಜೋರಾಗಿ ತಿರುಗುವ ಫ್ಯಾನ್, ಜೊತೆಗೆ ಮನೆಯವರು ಒಬ್ಬರು. ಸಂಜೆ ಸದ್ದು ಏಳುವ ಮೊದಲೇ ಹೊರಗೆ ಕರೆದೊಯ್ದು ಬನ್ನಿ.

ಹೆದರಿಕೆ ತುಂಬ ಇದ್ದರೆ ವೈದ್ಯರು ಔಷಧಿ ಕೊಡಬಹುದು, ಅದರಲ್ಲಿ ಸಂಕೋಚ ಬೇಡ. ಗ್ಯಾಬಪೆಂಟಿನ್, ಟ್ರಾಜೊಡೋನ್ ತರಹದವು ಗಾಬರಿಯನ್ನೇ ಇಳಿಸುತ್ತವೆ. ಏಸ್‌ಪ್ರೊಮಜೀನ್ ಒಂದನ್ನೇ ಕೊಟ್ಟರೆ ಮೈ ಮಾತ್ರ ಮಂಪರಾಗುತ್ತದೆ, ಒಳಗಿನ ಹೆದರಿಕೆ ಹಾಗೇ ಇರುತ್ತದೆ, ಅದು ಬೇಡ. ಇದು ಮುಧೋಳ, ಮೈಯಲ್ಲಿ ಕೊಬ್ಬು ಕಡಿಮೆ ಅಂತ ವೈದ್ಯರಿಗೆ ನೆನಪಿಸಿ. ಈ ಜಾತಿಯ ನಾಯಿಗಳಿಗೆ ಕೆಲವು ಅರಿವಳಿಕೆ ಔಷಧಿಗಳ ಅಮಲು ಬೇಗ ಇಳಿಯುವುದಿಲ್ಲ. ಯಾವ ಔಷಧಿಯಾದರೂ ಹಬ್ಬಕ್ಕೆ ಮೊದಲೇ ಒಂದು ಸುಮ್ನೆ ದಿನ ಕೊಟ್ಟು ನೋಡಿ, ಎಷ್ಟು ಹೊತ್ತು ಕೆಲಸ ಮಾಡುತ್ತದೆ ಅಂತ ತಿಳಿದಿರಲಿ. ಮನುಷ್ಯರು ನುಂಗುವ ಮಾತ್ರೆಗಳನ್ನು ಅಂದಾಜಿನ ಮೇಲೆ ಕೊಡಲೇಬೇಡಿ.

ಕೊನೆಗೆ ಇನ್ನೊಂದು ನಾಯಿ ತರುವ ಪ್ರಶ್ನೆ. ಈಗ ಬೇಡ. ಧೈರ್ಯವಿರುವ ನಾಯಿಯನ್ನು ನೋಡಿ ಅಂಜುವ ನಾಯಿ ಸ್ವಲ್ಪ ಕಲಿಯುವುದು ನಿಜ. ಆದರೆ ಅಂಜಿಕೆಯನ್ನೂ ಒಂದು ನಾಯಿ ಇನ್ನೊಂದರಿಂದ ಅಷ್ಟೇ ಬೇಗ ಕಲಿಯುತ್ತದೆ. ಮರಿ ತಂದರೆ ಎರಡು ತಿಂಗಳಲ್ಲಿ ಮಂಚದ ಕೆಳಗೆ ಇಬ್ಬರು ಇರುತ್ತಾರೆ. ಜಿಂಕಿ ಮಾವನವರ ಎದುರಿಗೆ ಓಡಾಡುವಂತಾಗಲಿ, ಮೈದಾನದ ಅಂಚಿನಲ್ಲಿ ಚಿಕನ್ ತಿನ್ನುವಂತಾಗಲಿ. ಅದಕ್ಕೆ ಆರು ತಿಂಗಳು ಹಿಡಿದರೂ ಹಿಡಿಯಲಿ. ಆಗಲೂ ಬೇಕು ಅನ್ನಿಸಿದರೆ ಮೂರ್ನಾಲ್ಕು ವರ್ಷದ, ಸಮಾಧಾನದ ನಾಯಿಯನ್ನು ನೋಡಿ. ಮೊದಲು ಕೆಲವು ಸಲ ಬಯಲಿನಲ್ಲಿ ಎರಡನ್ನೂ ದೂರ ದೂರ, ಒಂದೇ ದಿಕ್ಕಿಗೆ ನಡೆಸಿ. ಜಿಂಕಿ ತಾನಾಗಿ ಅದರ ಪಕ್ಕಕ್ಕೆ ಹೋದರೆ ಮಾತ್ರ ಮನೆಗೆ ಕರೆತನ್ನಿ.